ಹಳೇ ಪ್ಯಾಸ್ಕಲ್ ಪ್ರೋಗ್ರಾಂನಲ್ಲಿ ಸ್ಕ್ರೀನ್ ಮಿನುಗದ ಹಾಗೆ ಮಾಡೋದು ಹೇಗೆ?

ಶಿವಮೊಗ್ಗದ ಅಡಿಕೆ ಮಂಡಿಗೆ ಹಳೇ ಟರ್ಬೋ ಪ್ಯಾಸ್ಕಲ್ ಕಂಪೈಲರ್‌ನಲ್ಲಿ ಬರೆದ ಪ್ರೋಗ್ರಾಂ ಈಗಿನ ಉಚಿತ ಕಂಪೈಲರ್ ಫ್ರೀ ಪ್ಯಾಸ್ಕಲ್‌ಗೆ ತಂದಿದ್ದೀರಿ, ದರ ಬದಲಾದಾಗಲೆಲ್ಲ ಸ್ಕ್ರೀನ್ ಮಿನುಗುತ್ತದೆ, ಅಲ್ವಾ? ಸ್ಕ್ರೀನ್ ಮೇಲೆ ಬರೆಯೋಕೆ ಬಳಸುತ್ತಿದ್ದ ಸಿಆರ್‌ಟಿ ಯೂನಿಟ್ (ಯೂನಿಟ್ ಅಂದರೆ ಸಿದ್ಧ ಕೋಡಿನ ಕಟ್ಟು) ಬಿಟ್ಟು ವಿಡಿಯೋ ಯೂನಿಟ್ ಬಳಸಿ.

ಇದರಲ್ಲಿ ಇಡೀ ಸ್ಕ್ರೀನ್ ವಿಡಿಯೋಬಫ್ ಅನ್ನೋ ಅರೇಯಲ್ಲಿ ಇರುತ್ತದೆ. ಒಂದೊಂದು ಸೆಲ್‌ಗೂ (ಸ್ಕ್ರೀನಿನಲ್ಲಿ ಒಂದು ಅಕ್ಷರದ ಜಾಗ) 2 ಬೈಟ್: ಒಂದು ಅಕ್ಷರಕ್ಕೆ, ಇನ್ನೊಂದು ಬಣ್ಣಕ್ಕೆ. ‘ರಾಶಿ’ ಅಡಿಕೆಯ ದರ ಮಾತ್ರ ಬದಲಾಯಿತು ಅಂದುಕೊಳ್ಳಿ. ಅಷ್ಟು ಜಾಗ ತಿದ್ದಿ, ಅಪ್‌ಡೇಟ್‌ಸ್ಕ್ರೀನ್ ಅನ್ನೋ ಪ್ರೊಸೀಜರ್‌ಗೆ ಫಾಲ್ಸ್ ಕೊಟ್ಟು ಕರೆಯಿರಿ. ಅದು ಬದಲಾದ ಸೆಲ್‌ಗಳನ್ನಷ್ಟೇ ಮತ್ತೆ ಬರೆಯುತ್ತದೆ. ನನಗೆ ಬಹಳ ಇಷ್ಟವಾದದ್ದು ಇದೇ. ಸುಮ್ನೆ ಪೂರ್ತಿ ಸ್ಕ್ರೀನ್ ಅಳಿಸಿ ಬರೆಯೋ ಕೆಲಸವೇ ಇಲ್ಲ.

ಶುರುವಿಗೆ ಇನಿಟ್‌ವಿಡಿಯೋ, ಕೊನೆಗೆ ಡನ್‌ವಿಡಿಯೋ ಬೇಕೇ ಬೇಕು. ಕೀಲಿಗಳಿಗೆ ಕೀಬೋರ್ಡ್ ಯೂನಿಟ್ ಇದೆ. ಒತ್ತಿದ ಕೀಲಿ ಓದೋ ರೀಡ್‌ಕೀಗೋಸ್ಕರ ಸಿಆರ್‌ಟಿಯನ್ನೂ ಜೊತೆಗೆ ಸೇರಿಸಬೇಡಿ, ಅದಕ್ಕೂ ಈ ಎರಡು ಯೂನಿಟ್‌ಗಳಿಗೂ ಹೊಂದುವುದಿಲ್ಲ. ಒಂದು ಬೈಟಿನಲ್ಲಿ ಕನ್ನಡ ಅಕ್ಷರ ಹಿಡಿಸುವುದಿಲ್ಲ, ಹಾಗಾಗಿ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲೇ ಇರಲಿ.