ಪರಿಸರದ ವ್ಯಾಜ್ಯಗಳಲ್ಲಿ ಸಮುದಾಯವೇ ಮುಂದಾಗಿ ಶಾಂತಿ ತರಬಲ್ಲದೇ?

ತರಬಲ್ಲದು, ಆದರೆ ಒಂದು ಮಿತಿಯೊಳಗೆ. ಕಾವೇರಿ ನೀರಿನ ವಿವಾದದಲ್ಲಿ ಎರಡೂ ರಾಜ್ಯಗಳ ರೈತರು ಕೂಡಿ ಕಟ್ಟಿಕೊಂಡ ‘ಕಾವೇರಿ ಕುಟುಂಬ’ ಎಂಬ ವೇದಿಕೆಯೇ ಇದಕ್ಕೆ ನಿದರ್ಶನ. 2002ರ ಬರದಲ್ಲಿ ನೀರಿನ ಜಗಳ ಬೀದಿಗೆ ಬಂದ ಮೇಲೆ, 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ನೆರವಿನಿಂದ ಕರ್ನಾಟಕ ಮತ್ತು ತಮಿಳುನಾಡಿನ ರೈತರು ಎದುರುಬದುರು ಕುಳಿತು ಮಾತಿಗಿಳಿದರು. ಸಭೆಗಳಿಗಿಂತ ಹೆಚ್ಚು ಫಲ ಕೊಟ್ಟದ್ದು, ನನ್ನ ಎಣಿಕೆಯಲ್ಲಿ, ಪರಸ್ಪರರ ಗದ್ದೆಗಳ ಭೇಟಿ: ತಂಜಾವೂರಿನ ಕುರುವೈ ಭತ್ತ ಜೂನ್‌ನಲ್ಲೇ ಮೆಟ್ಟೂರಿನ ನೀರಿಗಾಗಿ ಕಾಯುತ್ತದೆ, ಕನ್ನಂಬಾಡಿ ಕಟ್ಟೆ ತುಂಬುವುದೋ ಕೊಡಗಿನಲ್ಲಿ ಮುಂಗಾರು ಬಲಗೊಂಡ ಮೇಲೆಯೇ, ಎಂಬುದು ಬದುವಿನ ಮೇಲೆ ನಿಂತವರಿಗೆ ಬೇಗ ಅರ್ಥವಾಗುತ್ತದೆ. ನೀರಿನ ಪಾಲು ಮಾತ್ರ ಅಲ್ಲಿ ಇತ್ಯರ್ಥವಾಗಲಿಲ್ಲ; ಅದನ್ನು 2007ರಲ್ಲಿ ನ್ಯಾಯಮಂಡಳಿಯೂ, ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿ 2018ರಲ್ಲಿ ಸುಪ್ರೀಂ ಕೋರ್ಟೂ ನಿಗದಿಪಡಿಸಿದವು.