ಪುಣೆಲಿ ದಿನಾ ಓಡಿಸೋ ಕಾರನ್ನ ಚೆನ್ನೈ ರೇಸ್ ಟ್ರ್ಯಾಕಿಗೆ ತಗೊಂಡೋಗಿದ್ದೆ, ಬಂದ್ಮೇಲೆ ಬ್ರೇಕ್ ಹಾಕಿದ್ರೆ ಸ್ಟೀರಿಂಗ್ ನಡುಗ್ತಿದೆ, ಬ್ರೇಕ್ ಡಿಸ್ಕ್ ಹೋಯ್ತಾ?

ಡಿಸ್ಕ್ ಬೆಂಡ್ ಆಗಿರೋದು ಡೌಟೇ. ಚೆನ್ನೈ ಟ್ರ್ಯಾಕಲ್ಲಿ ಕಂಪನಿ ಬ್ರೇಕ್ ಪ್ಯಾಡಲ್ಲೇ (ಡಿಸ್ಕನ್ನ ಒತ್ತಿ ಹಿಡಿಯೋ ತುಂಡು) ಓಡಿಸಿ, ಪಿಟ್ಟಿಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸೋ ಜಾಗ) ಬಂದು ಬ್ರೇಕ್ ತುಳ್ಕೊಂಡೇ ನಿಂತಿದ್ದೆ ಅಂತ ನೀವೇ ಬರ್ದಿದೀರಲ್ಲ, ಆ ಬಿಸಿಗೆ ಪ್ಯಾಡ್ ಮೆಟೀರಿಯಲ್ ಡಿಸ್ಕಿಗೆ ಒಂದ್ಕಡೆ ದಪ್ಪಗೆ ಅಂಟಿರುತ್ತೆ. ಡಿಸ್ಕ್ ಮೇಲೆ ಪ್ಯಾಡ್ ಆಕಾರದ್ದೇ ಕಪ್ಪು ಮಚ್ಚೆ ಕಂಡ್ರೆ ಬಹುತೇಕ ಅದೇ, ಆದ್ರೂ ಕಣ್ಣಾರೆ ನೋಡ್ದೆ ಗ್ಯಾರಂಟಿ ಕೊಡಲ್ಲ.

ಮೊದ್ಲು ವೀಲ್ ನಟ್ ಟಾರ್ಕ್ ರೆಂಚಲ್ಲಿ (ಎಷ್ಟು ಬಿಗೀಬೇಕೋ ಅಳೆದು ಬಿಗಿಯೋ ಸ್ಪ್ಯಾನರ್) ಸರಿಯಾಗಿ ಬಿಗೀರಿ, ಡಿಸ್ಕ್ ಬಿಚ್ಚಿ ಹಬ್ (ಡಿಸ್ಕ್ ಕೂರೋ ಜಾಗ) ಮೇಲಿನ ತುಕ್ಕು ಉಜ್ಜಿ ತೆಗೀರಿ, ಪುಣೆ ಮಳೆಗಾಲ ಆದ್ಮೇಲೆ ಇದು ಇದ್ದೇ ಇರುತ್ತೆ. ಆಮೇಲೆ ಡಯಲ್ ಗೇಜ್ ಇಟ್ಟು ಅಳತೆ ಮಾಡಿಸಿ, ರನೌಟ್ (ಡಿಸ್ಕ್ ತಿರುಗುವಾಗ ಅಕ್ಕಪಕ್ಕ ಓಲಾಡೋದು) 0.05 ಮಿಮೀ ಒಳಗಿದ್ರೆ ಸಾಮಾನ್ಯವಾಗಿ ಓಕೆ, ನಿಮ್ಮ ಗಾಡಿ ಮ್ಯಾನ್ಯುಯಲ್ ಒಂದ್ಸಲ ನೋಡ್ಕೊಳ್ಳಿ. ಮಚ್ಚೆ ಇದ್ರೆ ಡಿಸ್ಕಿಗೆ ಸ್ಯಾಂಡ್‌ಪೇಪರ್ ಹೊಡೆದು, ಭಾನುವಾರ ಬೆಳಗ್ಗೆ ಹಿಂದೆ ಯಾರೂ ಇಲ್ದಿರೋ ಖಾಲಿ ರೋಡಲ್ಲಿ ಸ್ಪೀಡನ್ನ ಬ್ರೇಕ್ ಹಾಕಿ ಗಂಟೆಗೆ 80 ಕಿಮೀಯಿಂದ 20ಕ್ಕೆ ಎಂಟ್ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸ್ಬೇಡಿ, ಆಮೇಲೆ ಬ್ರೇಕ್ ಮುಟ್ದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಕ್ಕೆ ಬಿಡಿ. ಆಗ್ಲೂ ಹೋಗ್ಲಿಲ್ಲ ಅಂದ್ರೆ ಲೇತಿಗೆ (ಡಿಸ್ಕ್ ಮೇಲ್ಮೈ ತೆಳ್ಳಗೆ ಕೆರೆದು ಸಮ ಮಾಡೋ ಮಷಿನ್) ಕೊಡಿ, ಆದ್ರೆ ಡಿಸ್ಕ್ ಮೇಲೆ ಕೊರೆದಿರೋ ಮಿನಿಮಮ್ ದಪ್ಪಕ್ಕಿಂತ ಕಮ್ಮಿ ಆಗೋ ಹಾಗಿದ್ರೆ ಹೊಸದೇ ಹಾಕ್ಸಿ.

ಪ್ಯಾಡು ಅಂದ್ರೆ, ದಿನಾ ಪುಣೆಯ ಹಿಂಜವಡಿ ಟ್ರಾಫಿಕ್ಕಲ್ಲಿ ಓಡೋ ಗಾಡಿಗೆ ಪಕ್ಕಾ ರೇಸ್ ಪ್ಯಾಡ್ ಬೇಡವೇ ಬೇಡ, ತಣ್ಣಗಿದ್ದಾಗ ಹಿಡಿಯಲ್ಲ, ಮೇಲಿಂದ ಕಿರ್ರ್ ಅಂತ ಕಿರುಚುತ್ತೆ. ಟ್ರ್ಯಾಕ್‌ಡೇಗೆ ಬೇರೆ ಸೆಟ್ ಇಟ್ಕೊಂಡು ಅಲ್ಲೇ ಬದಲಿಸಿ, ಜೊತೆಗೆ ಬ್ರೇಕ್ ಫ್ಲೂಯಿಡ್ಡೂ ಹೊಸದು, ಡಾಟ್ 4 ಗ್ರೇಡಿಂದು ತುಂಬ್ಸಿ.