ಓದುಗರ ಪ್ರಶ್ನೆ: ತಾರಾ ಕ್ವಾರ್ಟರ್‌ಬ್ಯಾಕ್ ಒಳ್ಳೆಯ ಕೋಚ್ ಆಗುತ್ತಾನೆಯೇ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿಯನ್ನು ನಡೆಸಿ ಪಾಸ್ ಎಸೆಯುವ ಆಟಗಾರ, ಮೈದಾನದೊಳಗಿನ ಕೋಚ್ ಎನ್ನುತ್ತಾರೆ. ಹಾಗಿದ್ದರೆ ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಮುಂದೆ ಹೆಸರಾಂತ ಕೋಚ್‌ಗಳೂ ಆಗಿರಬೇಕಲ್ಲವೇ?

ಉತ್ತರ: ಆಗಿಲ್ಲ. ಆಟಗಾರನಾಗಿ ಹಾಲ್ ಆಫ್ ಫೇಮ್ (ಶ್ರೇಷ್ಠರ ಗೌರವ ಪಟ್ಟಿ) ಸೇರಿದ ಒಬ್ಬ ಕ್ವಾರ್ಟರ್‌ಬ್ಯಾಕ್ ಕೂಡ ಹೆಡ್ ಕೋಚ್ ಆಗಿ ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಫೈನಲ್, ಗೆದ್ದಿಲ್ಲ. ಪ್ರಯತ್ನಿಸಿದವರು ಸಾಮಾನ್ಯರಲ್ಲ. ಕ್ಲೀವ್‌ಲೆಂಡ್ ಬ್ರೌನ್ಸ್ ತಂಡವನ್ನು ಹತ್ತು ವರ್ಷದಲ್ಲಿ ಹತ್ತು ಸಲ ಫೈನಲ್‌ಗೆ ಒಯ್ದ ಆಟೊ ಗ್ರಹಾಂ 1966ರಿಂದ 1968ರವರೆಗೆ ವಾಷಿಂಗ್ಟನ್ ತಂಡದ ಕೋಚ್ ಆಗಿದ್ದರು. 17 ಗೆಲುವು, 22 ಸೋಲು, 3 ಡ್ರಾ. ಬಾಬ್ ವಾಟರ್‌ಫೀಲ್ಡ್ ರ‍್ಯಾಮ್ಸ್ ತಂಡದಲ್ಲಿ 9 ಗೆದ್ದು 24 ಸೋತರು. 1960ರಲ್ಲಿ ಈಗಲ್ಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟ ನಾರ್ಮ್ ವ್ಯಾನ್ ಬ್ರಾಕ್ಲಿನ್ ಮುಂದೆ ವೈಕಿಂಗ್ಸ್ ಮತ್ತು ಫಾಲ್ಕನ್ಸ್ ಎರಡರಲ್ಲೂ ಸೇರಿ ನೂರು ಪಂದ್ಯ ಸೋತರು.

ಇವರೆಲ್ಲರಿಗಿಂತ ಹೆಚ್ಚು ಯೋಚಿಸಬೇಕಾದದ್ದು ಬಾರ್ಟ್ ಸ್ಟಾರ್ ವಿಷಯ. ಗ್ರೀನ್ ಬೇ ಪ್ಯಾಕರ್ಸ್ ಪರ ಐದು ಚಾಂಪಿಯನ್‌ಷಿಪ್, ಮೊದಲ ಎರಡು ಸೂಪರ್ ಬೌಲ್‌ಗಳಲ್ಲೂ ಅತ್ಯುತ್ತಮ ಆಟಗಾರ, ಶಿಸ್ತಿಗೂ ಬುದ್ಧಿಗೂ ಹೆಸರುವಾಸಿ. ಅದೇ ತಂಡದ ಕೋಚ್ ಆಗಿ 1975ರಿಂದ 1983ರವರೆಗೆ ಒಂಬತ್ತು ಸೀಸನ್‌ಗಳಲ್ಲಿ 52 ಗೆಲುವು, 76 ಸೋಲು, 3 ಡ್ರಾ. ಪ್ಲೇಆಫ್ ತಲುಪಿದ್ದು ಒಮ್ಮೆ ಮಾತ್ರ. ಅವರಿಗೆ ಬುದ್ಧಿ ಸಾಲಲಿಲ್ಲ ಎನ್ನುವುದು ಅನ್ಯಾಯ. ಹಿಂದಿನ ಕೋಚ್ ಡ್ಯಾನ್ ಡಿವೈನ್ 1974ರಲ್ಲಿ ಜಾನ್ ಹ್ಯಾಡ್ಲ್ ಎಂಬ 34 ವರ್ಷದ ಕ್ವಾರ್ಟರ್‌ಬ್ಯಾಕ್‌ಗಾಗಿ ಮುಂದಿನ ಎರಡು ವರ್ಷದ ಐದು ಡ್ರಾಫ್ಟ್ ಆಯ್ಕೆಗಳನ್ನು (ಕಾಲೇಜಿನ ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಹಕ್ಕುಗಳನ್ನು) ಬಿಟ್ಟುಕೊಟ್ಟಿದ್ದರು. ಸ್ಟಾರ್ ಬಂದಾಗ ಹೊಸ ಆಟಗಾರರನ್ನು ತರುವ ದಾರಿ ಬಹುಪಾಲು ಮುಚ್ಚಿತ್ತು. ಜೊತೆಗೆ ಅವರಿಗಿದ್ದ ಕೋಚಿಂಗ್ ಅನುಭವ ಒಂದೇ ಸೀಸನ್ನಿನದು, 1972ರದು. ಹೆಸರು ನೋಡಿ ಕೊಟ್ಟ ಹುದ್ದೆ ಅದು, ಮೇಲಾಗಿ ಜನರಲ್ ಮ್ಯಾನೇಜರ್ ಹೊಣೆಯನ್ನೂ ಹೊರಿಸಿದರು.

ಈಗ ತಾರೆಗಳಲ್ಲದ ಕ್ವಾರ್ಟರ್‌ಬ್ಯಾಕ್‌ಗಳ ಸಾಲು ನೋಡಿ. ಸೂಪರ್ ಬೌಲ್ 50 ಗೆದ್ದ ಬ್ರಾಂಕೋಸ್ ಕೋಚ್ ಗ್ಯಾರಿ ಕ್ಯೂಬಿಯಾಕ್, ಒಂಬತ್ತು ವರ್ಷ ಜಾನ್ ಎಲ್ವೇ ಹಿಂದೆ ಬೆಂಚಿನಲ್ಲಿ ಕುಳಿತವರು. 2018ರ ಫೆಬ್ರವರಿಯಲ್ಲಿ ಈಗಲ್ಸ್‌ಗೆ ಮೊದಲ ಸೂಪರ್ ಬೌಲ್ ತಂದ ಡಗ್ ಪೀಡರ್ಸನ್, ಬ್ರೆಟ್ ಫಾರ್ವ್ ಅವರ ಬದಲಿ. ಸೇಂಟ್ಸ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟ ಶಾನ್ ಪೇಟನ್ ಎನ್‌ಎಫ್‌ಎಲ್‌ನಲ್ಲಿ ಆಡಿದ್ದೇ 1987ರ ಮುಷ್ಕರದ ವೇಳೆ, ಬದಲಿ ಆಟಗಾರನಾಗಿ. ಟಾಮ್ ಫ್ಲೋರೆಸ್ ರೈಡರ್ಸ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಹೌದು, ಆದರೆ ದೊಡ್ಡ ತಾರೆಯಲ್ಲ. ಜಾನ್ ಮ್ಯಾಡನ್ ಕೈಕೆಳಗೆ ಸಹಾಯಕರಾಗಿ ವರ್ಷಗಟ್ಟಲೆ ದುಡಿದು ಆಮೇಲೆ ಎರಡು ಸೂಪರ್ ಬೌಲ್ ಗೆದ್ದರು.

ಬೆಂಚಿನ ಕ್ವಾರ್ಟರ್‌ಬ್ಯಾಕ್ ವಾರವಿಡೀ ಮಾಡುವ ಕೆಲಸವೇ ಇದಕ್ಕೆ ಕಾರಣ. ಅಭ್ಯಾಸದಲ್ಲಿ ಅವನು ಎದುರಾಳಿ ತಂಡದ ಕ್ವಾರ್ಟರ್‌ಬ್ಯಾಕ್ ಪಾತ್ರ ವಹಿಸಿ ತನ್ನ ಡಿಫೆನ್ಸ್‌ಗೆ ತರಬೇತಿ ಕೊಡುತ್ತಾನೆ, ಅಂದರೆ ವಾರಕ್ಕೊಂದು ಬೇರೆ ತಂಡದ ಪ್ಲೇಗಳನ್ನು (ಮೊದಲೇ ಯೋಜಿಸಿದ ನಡೆಗಳನ್ನು) ಚಿತ್ರ ಬರೆದ ಕಾರ್ಡ್ ನೋಡಿ ಆಡುತ್ತಾನೆ. ತನ್ನ ತಂಡದ ಪ್ಲೇಗಳನ್ನು ಹೆಚ್ಚಾಗಿ ನೋಡಿಯೇ ಕಲಿಯಬೇಕು, ಏಕೆಂದರೆ ಅಭ್ಯಾಸದ ಹೆಚ್ಚಿನ ಸ್ನ್ಯಾಪ್‌ಗಳು, ಅಂದರೆ ಆಡುವ ಸರದಿಗಳು, ಮೊದಲ ಆಟಗಾರನವು. ಪಂದ್ಯದ ದಿನ ಸೈಡ್‌ಲೈನ್‌ನಲ್ಲಿ ಚಿತ್ರಗಳನ್ನು ನೋಡಿ, ಏದುಸಿರು ಬಿಡುತ್ತಾ ಬಂದ ಗೆಳೆಯನಿಗೆ ಎರಡು ವಾಕ್ಯದಲ್ಲಿ ತಿಳಿಸಬೇಕು. ಇದು ಕೋಚಿನ ಕೆಲಸವೇ.

ಪ್ರಶ್ನೆ: ಆದರೂ ಮಹಾನ್ ಆಟಗಾರ ಯುವ ಕ್ವಾರ್ಟರ್‌ಬ್ಯಾಕ್‌ಗೆ ಪಾಸ್ ಎಸೆಯುವುದನ್ನಾದರೂ ಚೆನ್ನಾಗಿ ಕಲಿಸಬಲ್ಲನಲ್ಲ?

ಉತ್ತರ: ಕಲಿಸಬಲ್ಲ, ತನಗೆ ಸಲೀಸಾಗಿ ಬಂದದ್ದನ್ನು ಬಿಡಿಸಿ ಹೇಳಲು ಕಲಿತಿದ್ದರೆ. ಸಾಮಾನ್ಯವಾದ ಐದು ಹೆಜ್ಜೆಯ ಡ್ರಾಪ್, ಅಂದರೆ ಚೆಂಡು ಹಿಡಿದು ಹಿಂದೆ ಸರಿಯುವುದನ್ನು, ತೆಗೆದುಕೊಳ್ಳಿ. ಹಿಂದಿನ ಕಾಲು ಐದನೇ ಹೆಜ್ಜೆಯಲ್ಲಿ ಊರಿದ ಕ್ಷಣ ಪಾಸ್ ಹಿಡಿಯುವ ಮೊದಲ ರಿಸೀವರ್‌ಗೆ ಚೆಂಡು ಹೋಗಬೇಕು. ಅವನು ಮುಚ್ಚಿಹೋಗಿದ್ದರೆ ಒಂದು ಪುಟ್ಟ ಹೆಜ್ಜೆ ಮುಂದೆ, ಎರಡನೆಯವನು. ಇನ್ನೊಂದು ಪುಟ್ಟ ಹೆಜ್ಜೆ, ಮೂರನೆಯವನು. ಅಲ್ಲೂ ಇಲ್ಲವೆಂದರೆ ಹತ್ತಿರದ ರನ್ನಿಂಗ್ ಬ್ಯಾಕ್. ಇಷ್ಟಕ್ಕೆ ಸಿಗುವುದು ಸುಮಾರು ಎರಡೂವರೆ, ಮೂರು ಸೆಕೆಂಡ್. ಕಾಲೇ ಇಲ್ಲಿ ಗಡಿಯಾರ. ಹುಡುಗ ಎರಡನೆಯವನಿಗೆ ತಡವಾಗಿ ಎಸೆದು ಚೆಂಡು ಎದುರಾಳಿಯ ಕೈಸೇರಿದರೆ (ಇಂಟರ್‌ಸೆಪ್ಷನ್), ತಪ್ಪು ಬಹುಪಾಲು ಕಣ್ಣಿನಲ್ಲಿರುವುದಿಲ್ಲ; ಮೊದಲ ಹೆಜ್ಜೆ ಗಿಡ್ಡವಾಗಿ ಇಡೀ ಲೆಕ್ಕ ಅರ್ಧ ಹೆಜ್ಜೆ ತಪ್ಪಿರುತ್ತದೆ.

ತಾರೆಗೆ ಈ ಲೆಕ್ಕ ಮರೆತೇ ಹೋಗಿರುತ್ತದೆ. ತಡವಾದರೂ ಅವನ ತೋಳಿನ ಬಲ ಚೆಂಡನ್ನು ಉಳಿಸುತ್ತಿತ್ತು. ಹಾಗಾಗಿ ಅವನು ಹುಡುಗನಿಗೆ ಕೊಡುವ ಸಲಹೆ "ಸೇಫ್ಟಿಯನ್ನು ನೋಡು, ಗೊತ್ತಾಗುತ್ತದೆ" (ಸೇಫ್ಟಿ ಎಂದರೆ ಹಿಂದೆ ನಿಲ್ಲುವ ಡಿಫೆನ್ಸ್ ಆಟಗಾರ) ಎಂಬಲ್ಲಿಗೆ ನಿಲ್ಲುತ್ತದೆ. ಇನ್ನೂ ಕೆಟ್ಟದ್ದೆಂದರೆ, ತನ್ನಂಥ ತೋಳಿಗೆ ಮಾತ್ರ ಸಾಧ್ಯವಾಗುವ ಪಾಸ್‌ಗಳ ಮೇಲೆ ಇಡೀ ಯೋಜನೆ ಕಟ್ಟುವುದು.

ಪ್ರಶ್ನೆ: ಕ್ವಾರ್ಟರ್‌ಬ್ಯಾಕ್ ಆಗಿದ್ದು ಕೋಚ್ ಆಗಿಯೂ ಗೆದ್ದ ಜಿಮ್ ಹಾರ್ಬಾ ಅಪವಾದವಲ್ಲವೇ?

ಉತ್ತರ: ಅವರು ಎನ್‌ಎಫ್‌ಎಲ್‌ನಲ್ಲಿ ವರ್ಷಗಟ್ಟಲೆ ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದವರು, ನಿಜ. ಆದರೆ ಆಡುತ್ತಿರುವಾಗಲೇ, 1994ರಿಂದ, ವೆಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ತಂದೆಯ ತಂಡಕ್ಕೆ ಸಂಬಳವಿಲ್ಲದ ಸಹಾಯಕರಾಗಿದ್ದರು. ನಂತರ ರೈಡರ್ಸ್‌ನಲ್ಲಿ ಎರಡು ಸೀಸನ್ ಸಣ್ಣ ಹುದ್ದೆ, ಆಮೇಲೆ ಸ್ಯಾನ್ ಡಿಯಾಗೊ ವಿಶ್ವವಿದ್ಯಾಲಯ, ಆಮೇಲೆ ಸ್ಟ್ಯಾನ್‌ಫರ್ಡ್. 2006ರಲ್ಲಿ ಒಂದೇ ಪಂದ್ಯ ಗೆದ್ದಿದ್ದ ಸ್ಟ್ಯಾನ್‌ಫರ್ಡ್ 2010ರಲ್ಲಿ 12 ಗೆದ್ದಿತು. 49ರ್ಸ್ ತಂಡ ಅವರನ್ನು ಕರೆದದ್ದು ಅದಾದ ಮೇಲೆ. ಅವರು ಕೋಚ್ ಆಗಿದ್ದ ಮಿಷಿಗನ್ ವಿಶ್ವವಿದ್ಯಾಲಯ 2023ರ ಸೀಸನ್‌ನಲ್ಲಿ ಹದಿನೈದಕ್ಕೆ ಹದಿನೈದೂ ಗೆದ್ದದ್ದು ಇನ್ನೂ ಆಮೇಲೆ.

ಪ್ರಶ್ನೆ: ಕಾಲೇಜಿನಲ್ಲಿ ಗೆದ್ದ ಮಾಜಿ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ನಲ್ಲೂ ಗೆಲ್ಲುತ್ತಾರೆಯೇ?

ಉತ್ತರ: ಖಾತರಿ ಇಲ್ಲ. ಸ್ಟೀವ್ ಸ್ಪರಿಯರ್ 1966ರ ಹೈಸ್‌ಮನ್ ಟ್ರೋಫಿ ವಿಜೇತ, 1996ರಲ್ಲಿ ಫ್ಲೋರಿಡಾವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ ಕೋಚ್. ವಾಷಿಂಗ್ಟನ್‌ನಲ್ಲಿ ಎರಡು ಸೀಸನ್‌ಗೆ 12 ಗೆಲುವು, 20 ಸೋಲು. ಕಾಲೇಜಿನಲ್ಲಿ ಒಳ್ಳೆಯ ಹುಡುಗರನ್ನು ಒಲಿಸಿ ತಂದು ಎದುರಾಳಿಗಿಂತ ಬಲವಾದ ತಂಡ ಕಟ್ಟಬಹುದು. ಡ್ರಾಫ್ಟ್ ಮತ್ತು ಸಂಬಳದ ಮಿತಿ ಇರುವ ಎನ್‌ಎಫ್‌ಎಲ್‌ನಲ್ಲಿ ಆ ಅನುಕೂಲ ಇಲ್ಲ.

ಪ್ರಶ್ನೆ: ಮಾಜಿ ತಾರೆಯೊಬ್ಬ ಹೆಡ್ ಕೋಚ್ ಹುದ್ದೆಗೆ ಬಂದರೆ ತಂಡ ಅವನನ್ನು ಹೇಗೆ ಪರೀಕ್ಷಿಸಬೇಕು?

ಉತ್ತರ: ಹಳೆಯ ಪಂದ್ಯಗಳ ಮಾತು ಎತ್ತಲೇಬಾರದು. ಒಂದು ಪ್ಲೇಯ ವಿಡಿಯೊ ಹಾಕಿ, ಕ್ವಾರ್ಟರ್‌ಬ್ಯಾಕ್‌ಗೆ ಬಲಬದಿಯಲ್ಲಿ ರಕ್ಷಣೆ ಕೊಡುವ ರೈಟ್ ಟ್ಯಾಕಲ್ ಮಾಡಿದ ತಪ್ಪು ಯಾವುದು, ಸೋಮವಾರ ಅವನಿಗೆ ಏನು ಹೇಳುತ್ತೀರಿ ಎಂದು ಕೇಳಿ. ಕ್ವಾರ್ಟರ್‌ಬ್ಯಾಕ್‌ಗೆ ಐವರು ಲೈನ್‌ಮನ್‌ಗಳ ರಕ್ಷಣೆಯ ನಿಯಮ ಗೊತ್ತಿರುತ್ತದೆ. ಅವರ ಕೈ, ಸೊಂಟ, ಕಾಲಿನ ತಂತ್ರ ಗೊತ್ತಿರುವುದು ಅಪರೂಪ. ಡಿಫೆನ್ಸ್ ಕೋಆರ್ಡಿನೇಟರ್ ಆಗಿ ಯಾರನ್ನು ತರುತ್ತೀರಿ, ಅವರು ಬರದಿದ್ದರೆ ಮತ್ಯಾರು ಎಂದು ಹೆಸರು ಸಹಿತ ಕೇಳಿ. ಇಲ್ಲಿ ತಡವರಿಸಿದರೆ ಅದು ದೊಡ್ಡ ಅಪಾಯದ ಸೂಚನೆ, ಏಕೆಂದರೆ 53 ಆಟಗಾರರ ತಂಡದಲ್ಲಿ ಅರ್ಧದಷ್ಟು ಜನ ಆ ವ್ಯಕ್ತಿಯ ಕೈಯಲ್ಲಿರುತ್ತಾರೆ.

ಪ್ಲೇ ತಾನೇ ಕರೆಯುತ್ತೇನೆ ಎಂದರೆ ಗಡಿಯಾರ ಇಟ್ಟು ನೋಡಿ. ಎರಡು ಪ್ಲೇಗಳ ನಡುವೆ 40 ಸೆಕೆಂಡ್, ಅದರಲ್ಲಿ 15 ಉಳಿದಾಗ ಕೋಚ್ ಮಾತು ಕೇಳಿಸುವ ಹೆಲ್ಮೆಟ್‌ನ ರೇಡಿಯೊ ಬಂದ್. ಅಂದರೆ ಡೌನ್ (ಹತ್ತು ಯಾರ್ಡ್ ಗಳಿಸಲು ಸಿಗುವ ನಾಲ್ಕು ಯತ್ನಗಳಲ್ಲಿ ಇದು ಎಷ್ಟನೆಯದು) ನೋಡಿ, ಯಾವ ಆಟಗಾರರು ಒಳಗೆ ಹೋಗಬೇಕೆಂದು ತೀರ್ಮಾನಿಸಿ, ಪ್ಲೇ ಆರಿಸಿ ಹೇಳಿ ಮುಗಿಸಲು 25 ಸೆಕೆಂಡ್. ಆಡುತ್ತಿದ್ದಾಗ ಅವನು ಈ ಕರೆಯನ್ನು ಕೇಳಿಸಿಕೊಳ್ಳುವ ಕಡೆಯಲ್ಲಿದ್ದ.

ಕೊನೆಗೆ ಒಂದು ಲೆಕ್ಕ ಕೊಡಿ. ನಾಲ್ಕು ಅಂಕ ಮುಂದಿದ್ದೀರಿ, ಸರಿಯಾಗಿ ಎರಡು ನಿಮಿಷ ಬಾಕಿ, ಚೆಂಡು ನಿಮ್ಮದು, ಫಸ್ಟ್ ಡೌನ್. ಎದುರಾಳಿಗೆ ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಉಳಿದಿಲ್ಲವಾದರೆ ಕ್ವಾರ್ಟರ್‌ಬ್ಯಾಕ್ ಮೂರು ಸಲ ಮಂಡಿಯೂರಿ ಪ್ರತಿ ಸಲ ಸುಮಾರು 40 ಸೆಕೆಂಡ್ ಕಳೆದರೆ ಪಂದ್ಯ ಮುಗಿಯಿತು. ಒಂದು ಟೈಮ್‌ಔಟ್ ಇದ್ದರೆ? ಮೂರು ಸಲ ಮಂಡಿಯೂರಿದ ಮೇಲೂ ಸುಮಾರು 35 ಸೆಕೆಂಡ್ ಉಳಿಯುತ್ತದೆ, ಪಂಟ್ ಮಾಡಿ (ಚೆಂಡನ್ನು ದೂರ ಒದ್ದು) ಎದುರಾಳಿಗೆ ಕೊಡಬೇಕಾಗುತ್ತದೆ. ಹಾಗಾಗಿ ಹತ್ತು ಯಾರ್ಡ್ ಗಳಿಸುವ ಪ್ಲೇ ಬೇಕು, ಅದೂ ಗಡಿಯಾರ ನಿಲ್ಲದಂತೆ ರನ್ನರ್ ಗೆರೆ ದಾಟದೆ ಅಂಗಳದೊಳಗೇ ಉಳಿಯುವಂಥದ್ದು. ಈ ಉತ್ತರ ಕಾಗದವಿಲ್ಲದೆ ಬಂದರೆ ಮುಂದಿನ ಸುತ್ತಿಗೆ ಕರೆಯಿರಿ. ಬಾರದಿದ್ದರೆ ಮೊದಲು ಸಹಾಯಕ ಹುದ್ದೆ ಕೊಡಿ, ಎರಡು ಸೀಸನ್ ಎದುರಾಳಿಗಳ ಕಾರ್ಡ್ ಬರೆಯಲಿ.